ಹಾರ್ಮೋನುಗಳ ಲೆಕ್ಕ ಬಲ್ಲ ಡಾಕ್ಟರು: ಸುಭಾಷ್ ಮುಖರ್ಜಿಯವರ ಕಥೆ

ಗೋನೆಗಂಡ್ಲವಾಗಲಿ, ಆದೋನಿಯಾಗಲಿ, ಮದುವೆಯಾಗಿ ಒಂದು ವರ್ಷ ಕಳೆದರೆ ಸಾಕು, ನೆಂಟರಿಷ್ಟರ ಮೊದಲ ವಿಚಾರಣೆ ಒಂದೇ: ಮನೆಯಲ್ಲಿ ಏನಾದರೂ ವಿಶೇಷ ಇದೆಯೇ ಎಂಬುದು. ಎರಡನೆಯ ವರ್ಷಕ್ಕೆ ಆ ವಿಚಾರಣೆ ಪಿಸುಮಾತಾಗುತ್ತದೆ. ಮೂರನೆಯ ವರ್ಷಕ್ಕೆ ಸೊಸೆಯ ಮೇಲೆ ಅಪವಾದವಾಗುತ್ತದೆ. ಆಗ ಗಂಡ ಹೆಂಡತಿ ಬಸ್ಸು ಹತ್ತಿ ಕರ್ನೂಲಿಗೋ ಬಳ್ಳಾರಿಗೋ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಕೈಗೆ ಬಂದ ರಿಪೋರ್ಟಿನಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್, ಪ್ರೊಲ್ಯಾಕ್ಟಿನ್, ಎಎಂಎಚ್ ಎಂದು ಸಾಲಾಗಿ ಹೆಸರುಗಳು, ಪಕ್ಕದಲ್ಲಿ ಅಂಕಿಗಳು. ಒಂದು ಅಂಕಿ ದಪ್ಪ ಅಕ್ಷರದಲ್ಲಿದ್ದರೆ ಮುಗಿಯಿತು, ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಈ ಅಂಕಿಗಳು ಎಲ್ಲಿಂದ ಬಂದವು, ಅವು ಏನು ಹೇಳುತ್ತವೆ, ಏನು ಹೇಳುವುದಿಲ್ಲ? ಇದನ್ನು ತಿಳಿಯಲು ನಮ್ಮ ದೇಶದ ಒಬ್ಬ ಡಾಕ್ಟರ ಜೀವನವನ್ನು ನೋಡಿದರೆ ಸಾಕು. ಹಾರ್ಮೋನುಗಳನ್ನು ಅಳೆಯುವ ವಿದ್ಯೆ ಕಲಿತು, ಆ ವಿದ್ಯೆಯಿಂದಲೇ ಭಾರತದ ಮೊದಲ ಪ್ರನಾಳ ಶಿಶುವನ್ನು ಈ ಲೋಕಕ್ಕೆ ತಂದು, ಕೊನೆಗೆ ಯಾರೂ ನಂಬದೆ ನೊಂದು ಪ್ರಾಣ ಬಿಟ್ಟವರು ಅವರು. ಹೆಸರು ಡಾ. ಸುಭಾಷ್ ಮುಖರ್ಜಿ.

ಹಜಾರಿಬಾಗ್‌ನಿಂದ ಎಡಿನ್‌ಬರೋವರೆಗೆ

ಸುಭಾಷ್ ಮುಖರ್ಜಿ ಹುಟ್ಟಿದ್ದು 1931ರ ಜನವರಿ 16ರಂದು, ಆಗ ಬಿಹಾರಕ್ಕೆ ಸೇರಿದ್ದ, ಈಗ ಜಾರ್ಖಂಡ್‌ನಲ್ಲಿರುವ ಹಜಾರಿಬಾಗ್‌ನಲ್ಲಿ. ಓದಿದ್ದು ಕೋಲ್ಕತಾದಲ್ಲಿ. ಕಲ್ಕತ್ತಾ ನ್ಯಾಷನಲ್ ಮೆಡಿಕಲ್ ಕಾಲೇಜಿನಿಂದ 1955ರಲ್ಲಿ ಎಂಬಿಬಿಎಸ್ ಮುಗಿಸಿದರು. ಜೊತೆಯವರೆಲ್ಲ ಕ್ಲಿನಿಕ್ ತೆರೆದು ಬೋರ್ಡು ಹಾಕುವ ಹೊತ್ತಿಗೆ ಇವರು ಹಿಡಿದದ್ದು ಶರೀರ ಕ್ರಿಯಾ ಶಾಸ್ತ್ರ, ಅಂದರೆ ಫಿಸಿಯಾಲಜಿ. ಸಂತಾನೋತ್ಪತ್ತಿಯ ಕ್ರಿಯೆ ದೇಹದಲ್ಲಿ ಹೇಗೆ ನಡೆಯುತ್ತದೆ ಎಂಬುದೇ ಅವರ ಆಸಕ್ತಿ. 1958ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಆ ವಿಷಯದಲ್ಲಿ ಪಿಎಚ್‌ಡಿ ಪಡೆದರು.

ಅಷ್ಟಕ್ಕೆ ಅವರಿಗೆ ತೃಪ್ತಿಯಾಗಲಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿ ಜಾನ್ ಲೊರೇನ್ ಎಂಬ ಗುರುವಿನ ಬಳಿ ಸೇರಿದರು. ಹಾರ್ಮೋನುಗಳನ್ನು ಅಳೆಯುವ ವಿದ್ಯೆಯಲ್ಲಿ ಲೊರೇನ್ ಆ ಕಾಲಕ್ಕೆ ದೊಡ್ಡ ಹೆಸರು. ಅವರ ಕೈಕೆಳಗೆ ಮುಖರ್ಜಿಯವರು 1967ರಲ್ಲಿ ಎರಡನೆಯ ಪಿಎಚ್‌ಡಿ ಪಡೆದರು. ಈ ಸಲದ ವಿಷಯ ಎಲ್‌ಎಚ್ ಹಾರ್ಮೋನನ್ನು ಸೂಕ್ಷ್ಮವಾಗಿ ಅಳೆಯುವ ವಿಧಾನ. ಇಂದು ನಮ್ಮೂರ ಹೆಣ್ಣುಮಗಳ ರಿಪೋರ್ಟಿನಲ್ಲಿ ಎರಡನೆಯ ಸಾಲಿನಲ್ಲಿರುತ್ತದಲ್ಲ, ಅದೇ ಎಲ್‌ಎಚ್.

ಇಲಿಗಳ ಮೇಲೆ ಅಳತೆ

ಇಂದು ತೋಳಿನಿಂದ ಸ್ವಲ್ಪ ರಕ್ತ ತೆಗೆದು ಯಂತ್ರಕ್ಕೆ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಅಂಕಿ ಬರುತ್ತದೆ. ಆ ಕಾಲದಲ್ಲಿ ಹಾಗಿರಲಿಲ್ಲ. ಹೆಂಗಸಿನ 24 ಗಂಟೆಯ ಮೂತ್ರವನ್ನು ಶೇಖರಿಸಿ, ಅದರಿಂದ ಹಾರ್ಮೋನಿನ ಸಾರ ತೆಗೆದು, ಎಳೆಯ ಹೆಣ್ಣು ಇಲಿಗಳಿಗೆ ಚುಚ್ಚುತ್ತಿದ್ದರು. ಕೆಲವು ದಿನಗಳ ನಂತರ ಇಲಿಯ ಗರ್ಭಕೋಶದ ತೂಕ ಎಷ್ಟು ಹೆಚ್ಚಿದೆ ಎಂದು ನೋಡಿ ಹಾರ್ಮೋನಿನ ಪ್ರಮಾಣ ಲೆಕ್ಕ ಹಾಕುತ್ತಿದ್ದರು. ಗರ್ಭ ನಿಂತಿದೆಯೇ ಎಂದು ತಿಳಿಯುವ ಮೊದಲ ಪರೀಕ್ಷೆಯನ್ನೂ 1927ರಲ್ಲಿ ಜರ್ಮನಿಯ ಆಶ್‌ಹೈಮ್ ಮತ್ತು ಜೋಂಡೆಕ್ ಇಂಥದ್ದೇ ಇಲಿಗಳ ಮೇಲೆ ಮಾಡಿ ತೋರಿಸಿದ್ದರು. ಮುಂದೆ ಅಮೆರಿಕದ ಬರ್ಸನ್ ಮತ್ತು ರೊಸಾಲಿನ್ ಯಾಲೋ ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ದಾರಿ ಕಂಡುಹಿಡಿದರು. ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರಿಂದ 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಬಂತು.

ಮುಖರ್ಜಿಯವರು ಕಲಿತದ್ದು ಬರೀ ಅಳತೆಯಲ್ಲ, ಅಳತೆಯ ಅರ್ಥ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳು ಅಲ್ಲಿಂದ ಹೊರಡುತ್ತವೆ. ಮೊದಲನೆಯದು ಅಂಡಾಶಯದಲ್ಲಿ ಅಂಡಾಣುವಿನ ಕೋಶವನ್ನು ಬೆಳೆಸುತ್ತದೆ. ಎರಡನೆಯದು ತಿಂಗಳ ನಡುವೆ ಒಮ್ಮೆ ಥಟ್ಟನೆ ಏರಿ, ಬೆಳೆದ ಅಂಡಾಣುವನ್ನು ಹೊರಬಿಡಿಸುತ್ತದೆ. ಬೆಳೆಯುವ ಕೋಶ ಈಸ್ಟ್ರಾಡಿಯೋಲ್ ಸುರಿಸುತ್ತದೆ. ಅಂಡಾಣು ಹೊರಬಿದ್ದ ಮೇಲೆ ಉಳಿದ ಕೋಶ ಪ್ರೊಜೆಸ್ಟರಾನ್ ಸುರಿಸಿ ಗರ್ಭಕೋಶವನ್ನು ಹದ ಮಾಡುತ್ತದೆ. ಗರ್ಭ ನಿಲ್ಲದಿದ್ದರೆ ಎಲ್ಲವೂ ಇಳಿದು ಮುಟ್ಟಾಗುತ್ತದೆ. ತಿಂಗಳಿಡೀ ಏರಿಳಿಯುವ ಈ ಆಟವನ್ನು ಬಲ್ಲವರಿಗೆ ಮಾತ್ರ ಒಂದು ಅಂಕಿಯ ಬೆಲೆ ಗೊತ್ತಾಗುತ್ತದೆ.

ಮನೆಯ ಫ್ರಿಜ್ಜು, ಹೊಸ ದಾರಿ

ವಿದೇಶದಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. ಕೋಲ್ಕತಾಗೆ ಮರಳಿ ಎನ್‌ಆರ್‌ಎಸ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಿದರು. ಮುಂದೆ ಸರ್ಕಾರಿ ಸೇವೆ ಅವರನ್ನು ದೂರದ ಬಾಂಕುರಾದ ಮೆಡಿಕಲ್ ಕಾಲೇಜಿಗೆ ಕರೆದೊಯ್ದಿತು. ಸಂಶೋಧನೆಗೆ ದೊಡ್ಡ ಪ್ರಯೋಗಾಲಯ ಇರಲಿಲ್ಲ. ಕೋಲ್ಕತಾದ ತಮ್ಮ ಚಿಕ್ಕ ಮನೆಯಲ್ಲಿ ಸಾಮಾನ್ಯ ಉಪಕರಣಗಳು, ಒಂದು ಫ್ರಿಜ್ಜು ಇಟ್ಟುಕೊಂಡು ಕೆಲಸ ಮುಂದುವರಿಸಿದರು. ಜೊತೆಗೆ ಇಬ್ಬರು ಗೆಳೆಯರು ಸಿಕ್ಕರು. ಒಬ್ಬರು ಜಾದವ್‌ಪುರ ವಿಶ್ವವಿದ್ಯಾಲಯದ ಸುನಿತ್ ಮುಖರ್ಜಿ, ಜೀವಕೋಶಗಳನ್ನು ಅತಿ ಶೀತದಲ್ಲಿ ಕಾಪಾಡುವ ವಿದ್ಯೆ ಬಲ್ಲವರು. ಇನ್ನೊಬ್ಬರು ಸ್ತ್ರೀರೋಗ ತಜ್ಞ ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ.

ಇವರ ಬಳಿ ಬಂದ ದಂಪತಿಯ ಸಮಸ್ಯೆ ಅಂಡಾಣು ಮತ್ತು ವೀರ್ಯಾಣು ಸೇರುವ ಗರ್ಭನಾಳಗಳದ್ದು, ಹೆಂಡತಿಯ ನಾಳಗಳು ಕೆಟ್ಟಿದ್ದವು. ಇಲ್ಲೊಂದು ಪಾಠವಿದೆ. ಇಂಥ ಹೆಣ್ಣುಮಗಳ ಹಾರ್ಮೋನ್ ರಿಪೋರ್ಟು ಪೂರ್ತಿ ಸರಿಯಾಗಿಯೇ ಇರಬಹುದು. ನಾಳ ಮುಚ್ಚಿರುವುದನ್ನು ರಕ್ತಪರೀಕ್ಷೆ ಹೇಳುವುದಿಲ್ಲ. ಅದಕ್ಕೆ ಬಣ್ಣದ ದ್ರವ ಹಾಯಿಸಿ ತೆಗೆಯುವ ಎಕ್ಸ್‌ರೇಯಂಥ ಬೇರೆ ಪರೀಕ್ಷೆ ಬೇಕು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೋ ಇದೇ ಗುರಿಯ ಬೆನ್ನು ಹತ್ತಿದ್ದರು. ಔಷಧಿ ಕೊಟ್ಟು ಅಂಡಾಣು ಬೆಳೆಸಿದಾಗ ಸೋಲು ಕಂಡ ಅವರು, ಕೊನೆಗೆ ತಿಂಗಳಿಗೆ ಸಹಜವಾಗಿ ಬೆಳೆಯುವ ಒಂದೇ ಅಂಡಾಣುವಿಗೆ ಕಾದರು. ಮುಖರ್ಜಿಯವರು ಹಿಡಿದ ದಾರಿ ಬೇರೆ. ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್ ಹೇರಳವಾಗಿರುತ್ತವೆ. ಅದರಿಂದ ತಯಾರಾಗುವ ಎಚ್‌ಎಂಜಿ ಎಂಬ ಇಂಜೆಕ್ಷನ್ ಕೊಟ್ಟು ಒಂದೇ ಸಲಕ್ಕೆ ಹೆಚ್ಚು ಅಂಡಾಣು ಬೆಳೆಸಿದರು. ಹೊಟ್ಟೆ ಕೊಯ್ಯದೆ, ಯೋನಿಯ ಮೂಲಕವೇ ಅವುಗಳನ್ನು ಹೊರತೆಗೆದರು.

ಆದರೆ ಅಂಡಾಣು ಬೆಳೆಸುವ ಔಷಧಿಯಿಂದ ಆ ತಿಂಗಳ ಹಾರ್ಮೋನುಗಳು ಅಡಿಮೇಲಾಗುತ್ತವೆ, ಗರ್ಭಕೋಶ ಭ್ರೂಣವನ್ನು ಹಿಡಿಯುವ ಸ್ಥಿತಿಯಲ್ಲಿ ಇರದೆ ಹೋಗಬಹುದು. ಹಾಗಾಗಿ ಭ್ರೂಣವನ್ನು ಅತಿ ಶೀತದಲ್ಲಿ 53 ದಿನ ಕಾಪಾಡಿ, ಮುಂದೆ ಔಷಧಿಯ ಪ್ರಭಾವವಿಲ್ಲದ ಸಹಜ ತಿಂಗಳಲ್ಲಿ ಗರ್ಭಕೋಶಕ್ಕೆ ಸೇರಿಸಿದರು. ಹಾರ್ಮೋನಿನ ಏರಿಳಿತ ಬಲ್ಲವರಿಗೆ ಮಾತ್ರ ಹೊಳೆಯುವ ಯೋಚನೆ ಇದು. ಇಂದು ಜಗತ್ತಿನ ಎಷ್ಟೋ ಆಸ್ಪತ್ರೆಗಳು ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ.

ದುರ್ಗೆ ಬಂದಳು

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಜಗತ್ತಿನ ಮೊದಲ ಪ್ರನಾಳ ಶಿಶು. ಅದಾಗಿ 70 ದಿನಕ್ಕೆ, ಅಕ್ಟೋಬರ್ 3ರಂದು ಕೋಲ್ಕತಾದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ದುರ್ಗಾ ಪೂಜೆಯ ದಿನಗಳು. ಮಗುವಿಗೆ ದುರ್ಗಾ ಎಂದೇ ಹೆಸರಾಯಿತು. ಲೂಯಿಸ್ ಸುದ್ದಿ ಪತ್ರಿಕೆಗೆ ಬರುವ ಮೊದಲೇ ಈ ಕೂಸು ತಾಯಿಯ ಹೊಟ್ಟೆಯಲ್ಲಿ ಬೆಳೆಯುತ್ತಿತ್ತು ಎಂಬುದನ್ನು ಮರೆಯಬಾರದು. ಅಂದರೆ ಮುಖರ್ಜಿಯವರು ಯಾರನ್ನೂ ನೋಡಿ ನಕಲು ಮಾಡಿದ್ದಲ್ಲ.

ಸುದ್ದಿ ಹರಡಿತು. ಆದರೆ ಹೊಗಳಿಕೆಗಿಂತ ಅನುಮಾನವೇ ಹೆಚ್ಚು ಬಂತು. ಬಂಜೆತನದ ಅಪವಾದಕ್ಕೆ, ಜನರ ಬಾಯಿಗೆ ಹೆದರಿದ ಕುಟುಂಬ ಮುಂದೆ ಬಂದು ಹೇಳಲು ಸಿದ್ಧವಿರಲಿಲ್ಲ. ಆ ಕುಟುಂಬದ ಗುಟ್ಟನ್ನು ಡಾಕ್ಟರೂ ಬಿಟ್ಟುಕೊಡಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ವಿಚಾರಣೆಗೆ ಒಂದು ಸಮಿತಿ ನೇಮಿಸಿತು. ಅದರಲ್ಲಿದ್ದವರಿಗೆ ಈ ಹೊಸ ವಿದ್ಯೆಯಲ್ಲಿ ಕೈಯಾಡಿಸಿದ ಅನುಭವ ಇರಲಿಲ್ಲ. ದೊಡ್ಡ ಯಂತ್ರಗಳಿಲ್ಲದೆ, ಮನೆಯ ಫ್ರಿಜ್ಜಿಟ್ಟುಕೊಂಡು ಇಂಥ ಕೆಲಸ ಸಾಧ್ಯವೇ ಎಂಬುದು ಅವರ ಶಂಕೆ. ಕೊನೆಗೆ ಮುಖರ್ಜಿಯವರ ಮಾತು ನಂಬಲರ್ಹವಲ್ಲ ಎಂದು ಸಮಿತಿ ತೀರ್ಪು ಕೊಟ್ಟಿತು.

ನಂತರ ಬಂದದ್ದು ಇನ್ನೂ ಕಷ್ಟದ ದಿನಗಳು. 1979ರಲ್ಲಿ ಜಪಾನಿನ ಕ್ಯೋಟೋದಿಂದ ತಮ್ಮ ಕೆಲಸದ ಬಗ್ಗೆ ಮಾತಾಡಲು ಆಹ್ವಾನ ಬಂತು, ಹೋಗಲು ಅನುಮತಿ ಸಿಗಲಿಲ್ಲ. ಹೃದಯಾಘಾತವಾಯಿತು. 1981ರಲ್ಲಿ ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಿದರು. ಜೀವಮಾನವೆಲ್ಲ ಹಾರ್ಮೋನು ಅಳೆದವರಿಗೆ ಕಣ್ಣಿನ ವಿಭಾಗದಲ್ಲಿ ಏನು ಕೆಲಸ? ಅದೇ ವರ್ಷ ಅವರು ಆತ್ಮಹತ್ಯೆ ಮಾಡಿಕೊಂಡರು. ಐವತ್ತು ವಯಸ್ಸಷ್ಟೇ ಆಗಿತ್ತು. ಶಾಲಾ ಶಿಕ್ಷಕಿಯಾಗಿದ್ದ ಪತ್ನಿ ನಮಿತಾ ಒಬ್ಬರೇ ಉಳಿದರು. ಈ ಕಥೆಯ ನೆರಳಿನಲ್ಲಿ ತಪನ್ ಸಿನ್ಹಾ 1990ರಲ್ಲಿ ಏಕ್ ಡಾಕ್ಟರ್ ಕೀ ಮೌತ್ ಎಂಬ ಹಿಂದಿ ಸಿನಿಮಾ ಮಾಡಿದರು.

(ಮಕ್ಕಳಾಗದ ಕೊರಗಾಗಲಿ, ಅವಮಾನವಾಗಲಿ, ಮನಸ್ಸು ತಡೆಯಲಾರದಷ್ಟು ಭಾರವಾದರೆ ಒಬ್ಬರೇ ನುಂಗಿಕೊಳ್ಳಬೇಡಿ. 14416 ನಂಬರಿಗೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಉಚಿತವಾಗಿ ಮಾತಾಡಬಹುದು.)

ಬೆಂಗಳೂರಿನ ಪತ್ರಿಕೆಯಲ್ಲಿ ಸಿಕ್ಕ ನ್ಯಾಯ

1986ರ ಆಗಸ್ಟ್ 6ರಂದು ಮುಂಬೈಯಲ್ಲಿ ಹರ್ಷಾ ಎಂಬ ಮಗು ಹುಟ್ಟಿತು. ಡಾ. ಟಿ. ಸಿ. ಆನಂದ ಕುಮಾರ್ ಮತ್ತು ಡಾ. ಇಂದಿರಾ ಹಿಂದುಜಾ ಅವರ ತಂಡದ ಸಾಧನೆ. ಭಾರತದ ಮೊದಲ ಪ್ರನಾಳ ಶಿಶು ಎಂದು ದೇಶವೆಲ್ಲ ಕೊಂಡಾಡಿತು.

ಹನ್ನೊಂದು ವರ್ಷದ ನಂತರ, 1997ರಲ್ಲಿ, ಆನಂದ ಕುಮಾರ್ ಒಂದು ಸಮ್ಮೇಳನಕ್ಕೆ ಕೋಲ್ಕತಾಗೆ ಹೋದಾಗ ಮುಖರ್ಜಿಯವರು ಬಿಟ್ಟುಹೋದ ಕಾಗದಪತ್ರಗಳು ಅವರ ಕೈಗೆ ಬಂದವು. ಒಂದೊಂದಾಗಿ ಓದಿದರು. ದುರ್ಗಾಳ ತಂದೆ ತಾಯಿಯ ಜೊತೆಗೂ ಮಾತಾಡಿದರು. ಓದಿ ಮುಗಿಸಿದಾಗ ಅವರಿಗೆ ಅನುಮಾನ ಉಳಿಯಲಿಲ್ಲ, ಮೊದಲಿಗರು ತಾವಲ್ಲ, ಸುಭಾಷ್ ಮುಖರ್ಜಿ. ಬೇರೆಯವರಾಗಿದ್ದರೆ ಕಾಗದಗಳನ್ನು ಮಡಿಸಿಟ್ಟು ಸುಮ್ಮನಾಗುತ್ತಿದ್ದರೇನೋ. ಆಗ ಬೆಂಗಳೂರಿನಲ್ಲಿ ಬಂಜೆತನ ಚಿಕಿತ್ಸೆಯ ಕ್ಲಿನಿಕ್ ನಡೆಸುತ್ತಿದ್ದ ಆನಂದ ಕುಮಾರ್, ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬರೆದು, ತಮ್ಮ ಹೆಸರಿನ ಮುಂದಿದ್ದ ಮೊದಲಿಗ ಎಂಬ ಪಟ್ಟವನ್ನು ತಾವೇ ತೆಗೆದು ಮುಖರ್ಜಿಯವರಿಗೆ ಕೊಟ್ಟರು. ಸತ್ತು ಹದಿನಾರು ವರ್ಷವಾದ ಮೇಲೆ ಒಬ್ಬ ಡಾಕ್ಟರಿಗೆ ಸಿಕ್ಕ ನ್ಯಾಯ ಅದು, ಕೊಟ್ಟವರೂ ದೊಡ್ಡವರೇ. 2003ರಲ್ಲಿ, 25 ತುಂಬಿದ ದುರ್ಗಾ ತಾನಾಗಿಯೇ ಸಾರ್ವಜನಿಕವಾಗಿ ಎದ್ದು ನಿಂತು ಆ ಡಾಕ್ಟರನ್ನು ನೆನೆದಳು. 2010ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ಸ್‌ಗೆ ನೊಬೆಲ್ ಬಂತು. ಅದನ್ನು ನೋಡಲು ಮುಖರ್ಜಿ ಇರಲಿಲ್ಲ.

ನಮ್ಮ ಕೈಯ ರಿಪೋರ್ಟು

ಈಗ ಮುಖರ್ಜಿಯವರ ವಿದ್ಯೆಯ ಬೆಳಕಿನಲ್ಲಿ ನಮ್ಮ ರಿಪೋರ್ಟಿಗೆ ಬರೋಣ. ಮೊದಲು ನೋಡಬೇಕಾದದ್ದು ಅಂಕಿಯನ್ನಲ್ಲ, ರಕ್ತ ಕೊಟ್ಟ ದಿನವನ್ನು. ಆದೋನಿ ಮಾರುಕಟ್ಟೆಯಲ್ಲಿ ಹತ್ತಿಯ ದರ ಸುಗ್ಗಿಯಲ್ಲೊಂದು, ಬೇಸಿಗೆಯಲ್ಲೊಂದು. ಯಾವ ದಿನದ ದರ ಎಂದು ಹೇಳದಿದ್ದರೆ ಆ ದರಕ್ಕೆ ಅರ್ಥವಿಲ್ಲ. ಹಾರ್ಮೋನೂ ಹಾಗೆಯೇ.

ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಾಡಿಯೋಲ್: ಮುಟ್ಟಾದ 2ರಿಂದ 4ನೆಯ ದಿನದೊಳಗೆ ಕೊಟ್ಟ ರಕ್ತದಲ್ಲಿ ನೋಡಬೇಕು. ಆ ದಿನ ಎಫ್‌ಎಸ್‌ಎಚ್ ಸಾಮಾನ್ಯವಾಗಿ 10ಕ್ಕಿಂತ ಕಡಿಮೆ ಇರುತ್ತದೆ. ಎತ್ತು ಬಂಡಿ ಎಳೆಯದಿದ್ದರೆ ಬಂಡಿ ಹೊಡೆಯುವವನು ಬಾರುಕೋಲು ಜೋರಾಗಿ ಬೀಸುತ್ತಾನಲ್ಲ, ಹಾಗೆ ಅಂಡಾಶಯ ಸೋತಾಗ ಪಿಟ್ಯುಟರಿ ಎಫ್‌ಎಸ್‌ಎಚ್ ಹೆಚ್ಚು ಸುರಿಸುತ್ತದೆ. ಆದ್ದರಿಂದ ಇಲ್ಲಿ ಅಂಕಿ ಹೆಚ್ಚಿದ್ದರೆ ಖುಷಿ ಪಡುವಂತಿಲ್ಲ. ಎರಡೂ ತೀರ ಕಡಿಮೆ ಇದ್ದರೆ ತೊಂದರೆ ಅಂಡಾಶಯದಲ್ಲಲ್ಲ, ಮೇಲಿನಿಂದ ಅಪ್ಪಣೆಯೇ ಬರುತ್ತಿಲ್ಲ ಎಂದರ್ಥ. ಆ ದಿನ ಈಸ್ಟ್ರಾಡಿಯೋಲ್ ಹೆಚ್ಚಿದ್ದರೆ ಎಫ್‌ಎಸ್‌ಎಚ್ ಸುಳ್ಳುಸುಳ್ಳೇ ಕಡಿಮೆ ಕಾಣಬಹುದು. ಅದಕ್ಕೇ ಎರಡನ್ನೂ ಜೊತೆಗೆ ನೋಡುತ್ತಾರೆ.

ಪ್ರೊಜೆಸ್ಟರಾನ್: ಅಂಡಾಣು ಹೊರಬಿದ್ದಿದೆಯೇ ಎಂದು ಹೇಳುವ ಪರೀಕ್ಷೆ. ಎಲ್ಲರಿಗೂ 21ನೆಯ ದಿನ ಎಂಬುದು ತಪ್ಪು. ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು ಮಾಡಿಸಬೇಕು. 28 ದಿನಕ್ಕೆ ಮುಟ್ಟಾಗುವವರಿಗೆ 21ನೆಯ ದಿನ, 35 ದಿನಕ್ಕಾಗುವವರಿಗೆ 28ನೆಯ ದಿನ. ಒಂದು ಮಿಲಿ ಲೀಟರಿಗೆ 3 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಅಂಡಾಣು ಬಿಡುಗಡೆಯಾಗಿದೆ ಎಂದು ತಿಳಿಯುತ್ತಾರೆ.

ಪ್ರೊಲ್ಯಾಕ್ಟಿನ್: ಎದೆಹಾಲಿನ ಹಾರ್ಮೋನು. ಗಾಬರಿ, ವಾಂತಿ ನಿಲ್ಲಿಸುವ ಕೆಲವು ಮಾತ್ರೆ, ಮನೋರೋಗದ ಕೆಲವು ಔಷಧಿಗಳಿಂದಲೂ ಏರುತ್ತದೆ. ಸ್ವಲ್ಪ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಥೈರಾಯ್ಡ್ ಮಂದವಾದರೂ ಇದು ಏರುವುದರಿಂದ ಟಿಎಸ್‌ಎಚ್ ಪರೀಕ್ಷೆಯನ್ನೂ ಜೊತೆಗೆ ಮಾಡಿಸುತ್ತಾರೆ.

ಎಎಂಎಚ್: ಇದನ್ನು ಯಾವ ದಿನ ಬೇಕಾದರೂ ಮಾಡಬಹುದು. ಅಂಡಾಶಯದಲ್ಲಿ ಉಳಿದಿರುವ ಅಂಡಾಣುಗಳ ಸಂಖ್ಯೆಯ ಅಂದಾಜು ಇದು, ಅವುಗಳ ಗುಣದ ಅಂದಾಜಲ್ಲ. ಹೆಚ್ಚು ಕಣ್ಣೀರು ಹಾಕಿಸುವ ಪರೀಕ್ಷೆಯೂ ಇದೇ. ಎಎಂಎಚ್ ಕಡಿಮೆ ಎಂದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದಲ್ಲ. ಸಹಜವಾಗಿ ಗರ್ಭಿಣಿಯಾಗಲು ತಿಂಗಳಿಗೆ ಒಂದು ಅಂಡಾಣು ಸಾಕು. ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಬೆಳೆಯಬಹುದು ಎಂದು ಡಾಕ್ಟರಿಗೆ ಅಂದಾಜು ಸಿಗಲು ಇದು ಹೆಚ್ಚು ಉಪಯೋಗ.

ಪಿಸಿಓಎಸ್: ಎಲ್‌ಎಚ್ ಎಫ್‌ಎಸ್‌ಎಚ್‌ಗಿಂತ ಹೆಚ್ಚು ಎಂಬ ಒಂದೇ ಕಾರಣಕ್ಕೆ ಈ ಹೆಸರು ಅಂಟಿಸುವಂತಿಲ್ಲ. ಮುಟ್ಟಿನ ಏರುಪೇರು, ಗಂಡು ಹಾರ್ಮೋನು ಹೆಚ್ಚಿರುವ ಲಕ್ಷಣ, ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ರೂಪ, ಈ ಮೂರರಲ್ಲಿ ಎರಡಾದರೂ ಇರಬೇಕು, ಬೇರೆ ಕಾರಣಗಳೂ ಇರಬಾರದು.

ಇನ್ನೆರಡು ಮಾತು. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವ ಮೊದಲು ಅಳತೆಯ ಘಟಕ ನೋಡಿ. ಹತ್ತಿಯನ್ನು ಕ್ವಿಂಟಲ್‌ನಲ್ಲಿ ಹೇಳಿದರೂ ಕಿಲೋದಲ್ಲಿ ಹೇಳಿದರೂ ಹತ್ತಿ ಅಷ್ಟೇ. ಎಎಂಎಚ್ ಒಂದು ಕಡೆ 1 ಎಂದಿದ್ದರೆ, ಬೇರೆ ಘಟಕದಲ್ಲಿ ಅದೇ 7 ಚಿಲ್ಲರೆ ಆಗುತ್ತದೆ. ಕೂದಲು ಉದುರದಿರಲಿ ಎಂದು ನುಂಗುವ ಬಯೋಟಿನ್ ಮಾತ್ರೆಯೂ ಕೆಲವು ಯಂತ್ರಗಳ ಲೆಕ್ಕ ತಪ್ಪಿಸುತ್ತದೆ, ಪರೀಕ್ಷೆಗೆ ಮೊದಲು ಡಾಕ್ಟರಿಗೆ ತಿಳಿಸಿ.

ಗಂಡನ ಪರೀಕ್ಷೆ ಎಲ್ಲಿ?

ನಮ್ಮ ಕಡೆ ಹೆಂಡತಿ ಹತ್ತು ಸಲ ರಕ್ತ ಕೊಟ್ಟಿರುತ್ತಾಳೆ, ಗಂಡ ಒಂದು ಸಲವೂ ವೀರ್ಯ ಪರೀಕ್ಷೆ ಮಾಡಿಸಿರುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಹೆಂಗಸಿನ ಪರೀಕ್ಷೆಗಳಿಗಿಂತ ಇದು ಸುಲಭ, ಖರ್ಚೂ ಕಡಿಮೆ. 2ರಿಂದ 7 ದಿನ ಸಂಯಮದ ನಂತರ ಮಾದರಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿ ಲೀಟರಿಗೆ 1.6 ಕೋಟಿ ವೀರ್ಯಾಣು ಕೆಳಗಿನ ಗೆರೆ. ಕಡಿಮೆ ಬಂದರೆ ಎದೆಗುಂದದೆ ಮತ್ತೊಮ್ಮೆ ಪರೀಕ್ಷಿಸಬೇಕು. ಟೆಸ್ಟೊಸ್ಟೆರಾನ್ ಪರೀಕ್ಷೆಗೆ ಬೆಳಗಿನ ಹೊತ್ತು ರಕ್ತ ಕೊಡಬೇಕು. ಮೈಕಟ್ಟಿಗಾಗಿ ಜಿಮ್ಮುಗಳಲ್ಲಿ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುವ ಹುಡುಗರು ಒಂದು ಮಾತು ತಿಳಿದಿರಲಿ, ಹೊರಗಿನಿಂದ ಹಾರ್ಮೋನು ಬಂದರೆ ಪಿಟ್ಯುಟರಿ ಕೆಲಸ ನಿಲ್ಲಿಸುತ್ತದೆ, ವೀರ್ಯಾಣು ಉತ್ಪತ್ತಿಯೂ ನಿಲ್ಲುತ್ತದೆ.

ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ಡಾಕ್ಟರ ಬಳಿ ಹೋಗಬೇಕು. ಪ್ರನಾಳ ಶಿಶು ಚಿಕಿತ್ಸೆಗೆ ಈಗ 2021ರ ಕಾನೂನಿದೆ. ಆಸ್ಪತ್ರೆ ನೋಂದಣಿಯಾಗಿದೆಯೇ ಎಂದು ಕೇಳುವುದು ನಮ್ಮ ಹಕ್ಕು. ಹೊಲ ಅಡವಿಟ್ಟು ದುಡ್ಡು ಕಟ್ಟುವ ಮೊದಲು ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ.

ಸುಭಾಷ್ ಮುಖರ್ಜಿಯವರ ಬದುಕಿನಲ್ಲಿ ನಡೆದ ಅನ್ಯಾಯ ಒಂದೇ ಬಗೆಯದು. ಲೆಕ್ಕ ಓದಲು ಬಾರದವರು ತೀರ್ಪು ಕೊಟ್ಟರು. ರಿಪೋರ್ಟಿನ ಒಂದು ಸಾಲು ಹಿಡಿದು ಸೊಸೆಯ ಮೇಲೆ ತೀರ್ಪು ಕೊಡುವ ನಾವೂ ಮಾಡುತ್ತಿರುವುದು ಅದೇ ಅಲ್ಲವೇ? ಆ ಕಾಗದವನ್ನು ಬಲ್ಲವರ ಮುಂದಿಟ್ಟು ಪೂರ್ತಿ ಓದಿಸೋಣ. ಬಾಂಕುರಾ ಮತ್ತು ಕೋಲ್ಕತಾದ ನಡುವೆ ಓಡಾಡಿ ಸವೆದ ಆ ಡಾಕ್ಟರಿಗೆ ನಾವು ಸಲ್ಲಿಸಬಹುದಾದ ಗೌರವ ಅಷ್ಟೇ.